ಬೋಣಿಯಾಗದ ಅಂಗಿ

ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಹೊಸ ಆರ್ಡರ್ ಬಂದಾಗ ಅದು ಎಲ್ಲಿಗೆ ಹೋಗುವ ಮಾಲು ಎಂದು ಮೇಲಿನವರನ್ನು ಕೇಳಬೇಡಿ. ಅವರು ಹೇಳುವುದಿಲ್ಲ, ಹೇಳಿದರೂ ನಂಬುವ ಹಾಗಿರುವುದಿಲ್ಲ. ಜೇಬು ನೋಡಿ. ದೊಡ್ಡಬಳ್ಳಾಪುರದ ಫ್ಯಾಕ್ಟರಿಯಲ್ಲಿ ಕೆಲಸವಿಲ್ಲದೆ ಕೂತಿದ್ದ ಒಂದು ಲೈನಿಗೆ, ಅಂದರೆ ಒಂದು ಸಾಲು ಮೆಷಿನ್ನಿನವರಿಗೆ, ಸ್ಯಾಂಪಲ್ ಆಗಿ ಬಂದ ಅಂಗಿಗೆ ಎದೆಯ ಮೇಲೆ ಜೇಬೇ ಇರಲಿಲ್ಲ. ಎರಡು ತೋಳುಗಳ ಮೇಲ್ಭಾಗದಲ್ಲಿ ಓರೆಯಾಗಿ ಒಂದೊಂದು ಜೇಬು, ಅದಕ್ಕೆ ಮುಚ್ಚಳ, ಮುಚ್ಚಳದ ಒಳಗೆ ಅಡಗಿದ ಗುಂಡಿ. ಎದೆಗೆ ಗುಂಡು ತಡೆಯುವ ಕವಚ ಕಟ್ಟಿಕೊಳ್ಳುವವನಿಗೆ ಎದೆಯ ಜೇಬು ಕೈಗೆ ಸಿಗುವುದಿಲ್ಲ, ಆದ್ದರಿಂದ ಜೇಬು ತೋಳಿಗೆ ಏರುತ್ತದೆ. ಬಟ್ಟೆಯ ಮೇಲೆ ಬಣ್ಣದ ಮಚ್ಚೆಗಳು ಬೇರೆ. ಎಚ್‌ಆರ್ ಮ್ಯಾನೇಜರ್ ಇದನ್ನು ‘ಬೆಟ್ಟ ಹತ್ತುವವರ ಡ್ರೆಸ್’ ಎಂದು ಹೇಳಿಕೊಂಡು ತಿರುಗುತ್ತಿದ್ದ.

ನಾನು ಆ ಫ್ಯಾಕ್ಟರಿಯ ಕೆಲಸಗಾರನಲ್ಲ. ಯೂನಿಯನ್ ಪರವಾಗಿ ಮ್ಯಾನೇಜ್‌ಮೆಂಟ್ ಎದುರು ಮಾತುಕತೆಗೆ ಕೂರುವವನು. ಈ ವಿದ್ಯೆಯನ್ನು ನನಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಬೈಗುಳ ತಿಂದು, ಮೋಸ ಹೋಗಿ, ಮತ್ತೆ ಹೋಗಿ ಕೂತು ಕಲಿತದ್ದು. ಹಾಗಾಗಿ ಇಲ್ಲಿ ಬರೆಯುತ್ತಿರುವುದನ್ನು ಈ ಕೆಲಸಕ್ಕೆ ಇಳಿದಿರುವ ಹೊಸಬರು ಸ್ವಲ್ಪ ಗಮನವಿಟ್ಟು ಓದಿದರೆ ಅವರಿಗೇ ಒಳ್ಳೆಯದು.

ಆ ಅಂಗಿಯ ಕಥೆ ನನ್ನ ಕಿವಿಗೆ ಬಿದ್ದ ವಾರದಲ್ಲೇ ನಮ್ಮ ಯೂನಿಯನ್ನಿನ ಹಿಂದಿರುವ ಪಕ್ಷದ ನಗರ ಕಚೇರಿಯಿಂದ ಒಬ್ಬ ಮುಖಂಡರು ಕಾರಿನಲ್ಲಿ ಬಂದರು. ವಿದೇಶದ ಸಂಗಾತಿಗಳ ಜೊತೆಗಿನ ವ್ಯವಹಾರ ನೋಡಿಕೊಳ್ಳುವವರು ಅವರು. ಯುದ್ಧ ನಡೆಸುತ್ತಿರುವ ಒಂದು ದೇಶದ ಹೊಲಿಗೆ ಕೆಲಸಗಾರರ ಸಂಘದವರು ನಮ್ಮೊಡನೆ ಮಾತಾಡಬೇಕಂತೆ ಅಂದರು. ಆ ದೇಶದ ಹೆಸರು ಬರೆಯುವುದಿಲ್ಲ. ಬರೆದ ಕೂಡಲೇ ಓದುವವರು ಎರಡು ಗುಂಪಾಗಿ, ಮೊದಲು ಹೊಡೆದವರು ಯಾರು ಎಂದು ಜಗಳಕ್ಕೆ ಬೀಳುತ್ತಾರೆ. ಅದು ಟೀವಿಯವರ ಕಸುಬು.

ಮೊಬೈಲ್ ಪರದೆಯ ಮೇಲೆ ನಡುವಯಸ್ಸಿನ ಹೆಂಗಸೊಬ್ಬಳು ಕಂಡಳು. ಟೈಲರ್. ಪಕ್ಕದಲ್ಲಿ ಅವಳ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ಒಬ್ಬಳು. ಈ ಕಡೆ ಅದನ್ನು ಕನ್ನಡಕ್ಕೆ ತರುವವರು ನಮ್ಮ ಮುಖಂಡರು. ಆಕೆ ಎರಡು ಮಾತು ಆಡಿದರೆ ಇವರ ಬಾಯಲ್ಲಿ ಅದು ‘ಸಾಮ್ರಾಜ್ಯಶಾಹಿಯ ಬಿಕ್ಕಟ್ಟು ತೀವ್ರಗೊಂಡಿರುವ ಈ ಸಂದರ್ಭದಲ್ಲಿ’ ಎಂದು ಶುರುವಾಗಿ ಮುಗಿಯುವ ಲಕ್ಷಣವೇ ಕಾಣುತ್ತಿರಲಿಲ್ಲ. ಸಿಪ್ಪೆ ಸುಲಿದು ನಾನು ತಿಳಿದುಕೊಂಡದ್ದು ಇಷ್ಟು. ಸೈನ್ಯದ ಅಂಗಿ ಹೊಲಿಯುತ್ತಿದ್ದವರು ಅವರು. ಯುದ್ಧ ಬೇಡ ಎಂದು ಮೆಷಿನ್ ನಿಲ್ಲಿಸಿದರು. ಅಲ್ಲಿಯ ಸರ್ಕಾರ ಯುದ್ಧಕಾಲದ ಕಾನೂನು ತೋರಿಸಿ ಸಂಘದ ಕಾರ್ಯದರ್ಶಿಯನ್ನು ಜೈಲಿಗೆ ಹಾಕಿತು. ಅಲ್ಲಿಯ ಮಾಲೀಕ ಆರ್ಡರನ್ನೇ ಎತ್ತಿ ನಮ್ಮ ಕಡೆಗೆ ಕಳಿಸಿದ. ನಾವು ಹೊಲಿದು ಕೊಟ್ಟರೆ ಅವರು ಕೂತದ್ದು ದಂಡ, ಆ ಕಾರ್ಯದರ್ಶಿ ಜೈಲಿಗೆ ಹೋದದ್ದೂ ದಂಡ. ಆಕೆ ತೋರಿಸಿದ ಅಂಗಿಯ ತೋಳಿನ ಮೇಲೆ ಅದೇ ಓರೆ ಜೇಬಿತ್ತು.

ಮುಖಂಡರು ಬೆಂಬಲದ ಭಾಷಣ ಶುರು ಮಾಡುವ ಮೊದಲೇ ನಾನು ನುಗ್ಗಿ ಒಂದು ಪ್ರಶ್ನೆ ಕೇಳಿದೆ. ಮಾಲು ಹಡಗಿಗೆ ಏರಬೇಕಾದ ಕಡೆಯ ದಿನ ಯಾವುದು?

ಆಕೆ ಮೊದಲ ಸಲ ನನ್ನ ಮುಖ ಸರಿಯಾಗಿ ನೋಡಿದಳು. ದಿನ ಹೇಳಿದಳು. ನಮ್ಮ ದಸರಾಕ್ಕೆ ಸ್ವಲ್ಪ ಮುಂಚೆ ಬೀಳುತ್ತಿತ್ತು. ಅದು ತಪ್ಪಿದರೆ ಅವರ ಸೈನ್ಯ ಆ ಮಾಲೀಕನ ಮಾಲು ತೆಗೆದುಕೊಳ್ಳುವುದಿಲ್ಲ, ಅವನು ಮತ್ತೆ ಇವರ ಬಾಗಿಲಿಗೇ ಬರಬೇಕು. ಹೊಸಬರಿಗೆ ಹೇಳುವುದು ಇದನ್ನೇ: ಎದುರಾಳಿಯ ಕಡೆಯ ದಿನ ಗೊತ್ತಿಲ್ಲದೆ ಯಾವ ಹೋರಾಟಕ್ಕೂ ಇಳಿಯಬೇಡಿ. ಪ್ರಪಂಚದ ಎಲ್ಲ ಹೊಲಿಗೆ ಮೆಷಿನ್ ನಿಲ್ಲಿಸಲು ನಮ್ಮಿಂದ ಆಗದು. ಒಂದು ಹಡಗು ತಪ್ಪಿಸಲು ಆಗಬಹುದು.

ಮುಖಂಡರಿಗೆ ಕೈ ಮುಗಿದು, ಲೈನಿನ ಹೆಂಗಸರ ಜೊತೆ ಮಾತಾಡುವ ತನಕ ಬಾಯಿ ಬಿಡಬೇಡಿ ಅಂದಿದ್ದೆ. ಎರಡು ದಿನಕ್ಕೆ ಪತ್ರಿಕಾ ಹೇಳಿಕೆ ಹೊರಟಿತು: ‘ದೊಡ್ಡಬಳ್ಳಾಪುರದ ಕಾರ್ಮಿಕ ವರ್ಗ ಯುದ್ಧಕೋರರಿಗೆ ಬಟ್ಟೆ ಹೊಲಿಯುವುದಿಲ್ಲ.’ ಹೊಲಿಯುವವರನ್ನು ಯಾರೂ ಕೇಳಿರಲಿಲ್ಲ. ಇಂಥವರಿಗೆ ಹೇಳಿಕೆ ಕೊಡುವುದು ಬೆಳಿಗ್ಗೆ ಕಾಫಿ ಕುಡಿದ ಹಾಗೆ. ಕೊಡದಿದ್ದರೆ ತಲೆ ನೋಯುತ್ತದೆ.

ಫಲ ಕೂಡಲೇ ಸಿಕ್ಕಿತು. ಗೇಟಿನ ಹತ್ತಿರ ಸೇರಬಾರದು ಎಂದು ಮ್ಯಾನೇಜ್‌ಮೆಂಟ್ ಕೋರ್ಟಿನಿಂದ ತಡೆ ತಂದಿತು. ನಮ್ಮ ಸಭೆಗೆ ಪೊಲೀಸರು ಅನುಮತಿ ಕೊಡಲಿಲ್ಲ. ಟೀ ಅಂಗಡಿಯ ಮುಂದೆ ಬೈಕ್ ನಿಲ್ಲಿಸಿಕೊಂಡು ಕೂರುವ ಹುಡುಗರು ನನ್ನ ಫೋಟೋ ಹಿಡಿದು ‘ದೇಶದ್ರೋಹಿ’ ಎಂದು ಊರಿಗೆಲ್ಲ ವಾಟ್ಸಾಪ್ ಮಾಡಿದರು. ಅವರಲ್ಲಿ ಒಬ್ಬನ ತಾಯಿಗೆ ಪಿಎಫ್ ಬಿಡಿಸಿ ಕೊಟ್ಟವನು ನಾನೇ. ಸ್ಟೇಷನ್ನಿಗೂ ಕರೆ ಬಂತು. ಸ್ಟೇಷನ್ನಿಗೆ ಒಬ್ಬರೇ ಹೋಗಬೇಡಿ, ಇನ್ನಿಬ್ಬರನ್ನು ಕರೆದುಕೊಂಡು ಹೋಗಿ, ಫೋನು ಮನೆಯಲ್ಲಿಟ್ಟು ಹೋಗಿ. ಇನ್ಸ್‌ಪೆಕ್ಟರ್ ಮರ್ಯಾದೆಯಿಂದಲೇ ಕೂರಿಸಿದರು.

“ಏನಪ್ಪಾ ಲೀಡ್ರೇ, ಫಾರಿನ್ನಿಂದ ಫೋನ್ ಬರುತ್ತಂತಲ್ಲ ನಿಂಗೆ?”

“ಹೌದು ಸಾರ್. ಆರ್ಡರ್ರೂ ಫಾರಿನ್ನಿಂದಾನೇ ಬಂದಿರೋದು. ಫ್ಯಾಕ್ಟ್ರಿ ಓನರ್‌ನೂ ಕರೆಸ್ತೀರಾ?”

ಯಾರ ಫೋನು, ಎಷ್ಟು ಸಲ ಬಂತು, ದುಡ್ಡೇನಾದರೂ ಬಂತಾ ಎಂದು ಸಂಜೆಯವರೆಗೆ ಅದನ್ನೇ ತಿರುಗಿಸಿ ಮುರುಗಿಸಿ ಕೇಳಿದರು. ಆಮೇಲೆ ಕಳಿಸುವಾಗ, ಹೆಂಗಸರನ್ನು ಕೆಲಸಕ್ಕೆ ಹೋಗದಂತೆ ತಡೆದೆ ಎಂದು ಒಬ್ಬಳು ಬರೆದು ಕೊಟ್ಟರೂ ಸಾಕು, ಒಳಗೆ ಹಾಕುತ್ತೇನೆ ಅಂದರು. ಅದನ್ನು ಬೆದರಿಕೆ ಎಂದು ತೆಗೆದುಕೊಳ್ಳಲಿಲ್ಲ. ಎಲ್ಲಿ ಕಾಲಿಡಬಾರದು ಎಂದು ತೋರಿಸಿದ ಹಾಗಾಯಿತು.

ಸಭೆಗೆ ಅನುಮತಿ ಇಲ್ಲದಿದ್ದರೆ ಏನಂತೆ, ದೊಡ್ಡಬೆಳವಂಗಲದಲ್ಲಿ ಸ್ತ್ರೀಶಕ್ತಿ ಸಂಘದವರು ಭಾನುವಾರ ಸೇರುವುದಕ್ಕೆ ಯಾರ ಅನುಮತಿಯೂ ಬೇಡ. ಆ ಲೈನಿನ ಮುಕ್ಕಾಲು ಪಾಲು ಹೆಂಗಸರು ಕಂಪನಿ ವ್ಯಾನಿನಲ್ಲಿ ಆ ಕಡೆಯಿಂದಲೇ ಬರುವವರು. ಹೋಗಿ ಮೂಲೆಯಲ್ಲಿ ಕೂತು ವಿಷಯ ಹೇಳಿದೆ. ಮೊದಲು ಸಿಕ್ಕಿದ್ದು ಬೈಗುಳವೇ. ಸೀಸನ್ ಇಲ್ಲದ ಕಾಲ, ಲೈನ್ ಖಾಲಿ. ಈ ಆರ್ಡರ್ ಹೋದರೆ ಲೈನ್ ಮುಚ್ಚುತ್ತಾರೆ ಎಂದು ಎಚ್‌ಆರ್ ಆಗಲೇ ಎಲ್ಲರ ಕಿವಿಗೂ ಹಾಕಿದ್ದ. ಯಾವುದೋ ದೇಶದವರ ಜಗಳಕ್ಕೆ ನಮ್ಮ ಒಲೆ ಆರಿಸಬೇಕಾ, ನೀವು ಬಂದು ಅನ್ನ ಹಾಕುತ್ತೀರಾ ಎಂದು ಒಬ್ಬಳು ಮುಖಕ್ಕೆ ಹೊಡೆದ ಹಾಗೆ ಕೇಳಿದಳು. ಮುಷ್ಕರ ಎಂದರೆ ಆ ಲೈನೇ ಹೋಗುತ್ತದೆ. ಕೆಲಸ ನಿಧಾನ ಮಾಡೋಣವೆಂದರೆ ಗಂಟೆಗೊಮ್ಮೆ ಬೋರ್ಡಿನ ಮೇಲೆ ಎಷ್ಟು ಪೀಸ್ ಆಯಿತೆಂದು ಬರೆಯುತ್ತಾರೆ, ಒಂದೇ ದಿನದಲ್ಲಿ ಸಿಕ್ಕಿಬೀಳುತ್ತೇವೆ.

ಆಗ ಅಲ್ಲಿಯವರೆಗೂ ಹುರುಳಿಕಾಯಿ ಮುರಿಯುತ್ತ ಕೂತಿದ್ದ ಒಬ್ಬಾಕೆ ಮಾತಾಡಿದಳು. ಲೈನಿನ ಮೊದಲ ಮೆಷಿನ್ ಅವಳದು. ಎಲ್ಲರೂ ಅಕ್ಕ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ತವರು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ಕಡೆ.

“ನೀವೆಲ್ಲ ಏನ್ ಬೇಕಾದ್ರೂ ಮಾಡ್ಕೊಳಿ ಕಣ್ರಮ್ಮ. ನಮ್ಮಪ್ಪನ ಜಮೀನು ಸರ್ಕಾರಕ್ಕೆ ಹೋಗ್ತದೆ ಅಂತ ನಮ್ಮೂರೋರು ಧರಣಿ ಕೂತಿದ್ದಾಗ ಯಾರ್ಯಾರೋ ಬಂದು ಪಕ್ಕದಲ್ಲಿ ಕೂತ್ರು. ಅವ್ರಿಗೇನು ಆ ಹೊಲದಲ್ಲಿ ಪಾಲಿತ್ತಾ? ನಾನಂತೂ ಈ ಅಂಗಿಗೆ ಬೋಣಿ ಮಾಡಲ್ಲ.”

ಇಲ್ಲಿ ಬೋಣಿ ಎಂದರೇನು ಹೇಳಬೇಕು. ಅಂಗಡಿಯವರಿಗೆ ಅದು ದಿನದ ಮೊದಲ ವ್ಯಾಪಾರ. ನಮ್ಮ ಲೈನುಗಳಲ್ಲಿ ಹೊಸ ಸ್ಟೈಲಿನ ಮೊದಲ ಹೊಲಿಗೆ. ಕತ್ತರಿಸಿದ ಬಟ್ಟೆಯ ಮೊದಲ ಬಂಡಲ್ ಬಂದಾಗ ಹಿರಿಯ ಟೈಲರ್ ಮೆಷಿನ್ನಿಗೆ ಕುಂಕುಮವಿಟ್ಟು, ನಿಂಬೆಹಣ್ಣು ಇಳಿಸಿ, ಒಂದು ಹೊಲಿಗೆ ಹಾಕಬೇಕು. ಆಮೇಲಷ್ಟೇ ಮಿಕ್ಕವರು ಪೆಡಲ್ ತುಳಿಯುವುದು. ಅದೂ ಒಲ್ಲದ ಕೈಯಲ್ಲಿ ಆಗಬಾರದು. ಹಾಗೆ ಆದರೆ ಸೂಜಿ ಮುರಿಯುತ್ತದೆ, ಬಿಚ್ಚಿ ಮತ್ತೆ ಹೊಲಿಯಬೇಕಾದ ಆಲ್ಟರೇಷನ್ ರಾಶಿ ಬೀಳುತ್ತದೆ, ಯಾರ ಬೆರಳಿಗಾದರೂ ಸೂಜಿ ಇಳಿಯುತ್ತದೆ. ಇದನ್ನು ಹೆಂಗಸರಿಗಿಂತ ಹೆಚ್ಚಾಗಿ ನಂಬುವವನು ಪ್ರೊಡಕ್ಷನ್ ಮ್ಯಾನೇಜರ್. ಹೊಸೂರಿನ ಕಡೆಯವನು. ನಿಂಬೆಹಣ್ಣು ತನ್ನ ಜೇಬಿನಿಂದಲೇ ತರುತ್ತಾನೆ.

ಅಕ್ಕ ತನ್ನ ಪಾಡಿಗೆ ತಾನು ಹೇಳಿದ್ದು. ನನಗೆ ಅದರಲ್ಲಿ ಬೆಲೆ ಕಂಡಿತು. ಬೋಣಿ ಮಾಡಲೇಬೇಕು ಎಂದು ಯಾವ ಕಾನೂನಿನಲ್ಲಿದೆ? ಫ್ಯಾಕ್ಟರಿಯ ನಿಯಮಗಳ ಯಾವ ಸ್ಟ್ಯಾಂಡಿಂಗ್ ಆರ್ಡರಿನಲ್ಲಿದೆ? ಎಲ್ಲರೂ ಸರಿಯಾದ ಹೊತ್ತಿಗೆ ಬಂದು, ಪಂಚ್ ಮಾಡಿ, ಮೆಷಿನ್ ಒರೆಸಿ, ಎಣ್ಣೆ ಬಿಟ್ಟು, ದಾರ ಪೋಣಿಸಿ ಕೂರುವುದು. ಕೆಲಸ ನಿರಾಕರಿಸಿದವರು ಯಾರೂ ಇಲ್ಲ, ಬೋಣಿಯಾದರೆ ಹೊಲಿಯುತ್ತೇವೆ ಅಷ್ಟೇ. ಅಕ್ಕನಿಗೆ ಮನಸ್ಸಿಲ್ಲ. ಮನಸ್ಸಿಲ್ಲದವಳ ಮೇಲೆ ಇನ್ಸ್‌ಪೆಕ್ಟರ್ ಯಾವ ಸೆಕ್ಷನ್ ಹಾಕುತ್ತಾರೆ? ಸಂಘದಲ್ಲಿ ಇದನ್ನು ಹೇಳಿದಾಗ ಅನ್ನ ಹಾಕುತ್ತೀರಾ ಎಂದು ಕೇಳಿದವಳೇ ಮೊದಲು ನಕ್ಕಳು.

ಕಟ್ಟಿಂಗ್ ಮುಗಿದು ಬಂಡಲ್ ಬಂದ ದಿನ ನಾನು ಗೇಟಿನಿಂದ ದೂರದಲ್ಲಿ ಇಡ್ಲಿ ತಿನ್ನುತ್ತಿದ್ದೆ. ಒಳಗೆ ನಡೆದದ್ದನ್ನು ಆಮೇಲೆ ಹತ್ತು ಜನರ ಬಾಯಲ್ಲಿ ಕೇಳಿದೆ. ಪ್ರೊಡಕ್ಷನ್ ಮ್ಯಾನೇಜರ್ ನಿಂಬೆಹಣ್ಣು ಕೊಟ್ಟನಂತೆ. ಅಕ್ಕ ಅದನ್ನು ಮೆಷಿನ್ ಮೇಲಿಟ್ಟು ಕೈ ಕಟ್ಟಿ ಕೂತಳಂತೆ. ಪಕ್ಕದ ಲೈನಿನ ಹಿರಿಯಳನ್ನು ಕರೆದರೆ, ಬೇರೆ ಲೈನಿಗೆ ಬೋಣಿ ಮಾಡಿದರೆ ನಮ್ಮ ಲೈನ್ ಕೆಡುತ್ತದೆ ಎಂದು ಬಾತ್‌ರೂಮಿಗೆ ಹೋದಳಂತೆ. ಹೀಗೇ ದಿನಗಳು ಹೋದವು. ಕೊನೆಗೆ ಎಚ್‌ಆರ್ ರೇಗಿ, ಮೂಢನಂಬಿಕೆ ನಿಲ್ಲಿಸಿ ಎಂದು ಕೂಗಾಡಿ, ಪ್ರೊಡಕ್ಷನ್ ಮ್ಯಾನೇಜರನ್ನೇ ಮೆಷಿನ್ನಿಗೆ ಕೂರಿಸಿದ. ಆ ಮನುಷ್ಯ ಒಳ್ಳೆಯ ಟೈಲರೇ. ಆದರೆ ಕೈ ಒಲ್ಲದ ಕೈ. ಜೇಬಿನ ಮುಚ್ಚಳದ ದಪ್ಪ ಮಡಿಕೆಗೆ ಬಡಿದು ಮೊದಲ ಹೊಲಿಗೆಗೇ ಸೂಜಿ ಮುರಿಯಿತು.

ಗಾರ್ಮೆಂಟ್ಸ್ ಬಲ್ಲವರಿಗೆ ಗೊತ್ತು, ಮುರಿದ ಸೂಜಿಯ ಚೂರುಗಳೆಲ್ಲ ಸಿಗುವವರೆಗೆ ಅಲ್ಲಿ ಹೊಲಿಗೆ ಮುಂದುವರಿಸುವ ಹಾಗಿಲ್ಲ. ಚೂರು ಬಟ್ಟೆಯಲ್ಲಿ ಉಳಿದರೆ ಮಾಲು ವಾಪಸ್. ಚೂರುಗಳನ್ನು ಜೋಡಿಸಿ ಟೇಪ್ ಹಾಕಿ ಇಡಬೇಕು. ಮೊನೆ ಸಿಗಲಿಲ್ಲ. ಅಯಸ್ಕಾಂತ ಹಿಡಿದು ನೆಲವೆಲ್ಲ ಸವರಿದರು, ಬಂಡಲ್‌ಗಳನ್ನೆಲ್ಲ ಬಿಚ್ಚಿ ಸೂಜಿ ಪತ್ತೆಹಚ್ಚುವ ಮೆಷಿನ್ನಿನಲ್ಲಿ ಪರೀಕ್ಷಿಸಿದರು. ಸಿಗಲಿಲ್ಲ. ಪ್ರೊಡಕ್ಷನ್ ಮ್ಯಾನೇಜರ್ ಎದ್ದು ಕೈ ತೊಳೆದುಕೊಂಡು ಬಂದು, ಈ ಸ್ಟೈಲ್ ನಾನು ಓಡಿಸುವುದಿಲ್ಲ ಅಂದ.

ಮಾತುಕತೆಗೆ ಕರೆ ಬಂತು. ಕರೆದವನು ಕಷ್ಟದಲ್ಲಿರುವಾಗ ಅವನಿಗೆ ಹೊರಗೆ ಹೋಗಲು ಒಂದು ಬಾಗಿಲು ನೀವೇ ತೋರಿಸಬೇಕು, ಇಲ್ಲದಿದ್ದರೆ ಅವನು ಗೋಡೆ ಒಡೆಯುತ್ತಾನೆ. ಕಂಪನಿಯ ಇನ್ನೊಂದು ಯೂನಿಟ್ಟಿನಲ್ಲಿ ಆಸ್ಪತ್ರೆ ಗೌನುಗಳ ಆರ್ಡರ್ ಇದೆಯೆಂದು ನನಗೆ ಗೊತ್ತಿತ್ತು. ಅದನ್ನು ಈ ಲೈನಿಗೆ ಕೊಡಿ, ಅಕ್ಕ ಇವತ್ತೇ ಬೋಣಿ ಮಾಡುತ್ತಾಳೆ, ಲೈನ್ ಮುಚ್ಚುವ ಮಾತು ಬೇಡ ಅಂದೆ. ಒಪ್ಪಿದರು. ಎಷ್ಟು ಬೇಗ ಒಪ್ಪಿದರೆಂದರೆ ನನಗೆ ಅಲ್ಲೇ ಅನುಮಾನ ಬರಬೇಕಿತ್ತು.

ವಾರ ತುಂಬುವ ಮೊದಲೇ ಮಚ್ಚೆ ಬಟ್ಟೆಯ ಬಂಡಲ್‌ಗಳು ಟೆಂಪೋದಲ್ಲಿ ನೆಲಮಂಗಲದ ಯೂನಿಟ್ಟಿಗೆ ಹೋದವು. ಗೌನು ಅಲ್ಲಿಂದ ಇಲ್ಲಿಗೆ, ಅಂಗಿ ಇಲ್ಲಿಂದ ಅಲ್ಲಿಗೆ. ಜೊತೆಗೆ ಅಕ್ಕನನ್ನೂ ಅಲ್ಲಿಗೇ ಟ್ರಾನ್ಸ್‌ಫರ್ ಮಾಡಿ, ಇಷ್ಟು ವರ್ಷ ಮೊದಲ ಮೆಷಿನ್ನಿನಲ್ಲಿ ಕೂತವಳನ್ನು ದಾರ ಕತ್ತರಿಸಲು ನಿಲ್ಲಿಸಿದರು. ಅಕ್ಕ ಮಧ್ಯಾಹ್ನ ಊಟದ ಹೊತ್ತಿಗೆ ಫೋನ್ ಮಾಡಿದಳು. ಅಲ್ಲಿಯ ಹೆಂಗಸರಿಗೆ ಎಷ್ಟು ಹೇಳಿದರೂ ಕೇಳುತ್ತಿಲ್ಲವಂತೆ. ನೀನು ಆ ಯೂನಿಯನ್ನಿನವಳು, ನಮ್ಮ ಗೌನು ಕಿತ್ತುಕೊಂಡವಳು ಅನ್ನುತ್ತಾರಂತೆ. ನಾಳಿದ್ದು ಬೋಣಿ. ಹಡಗಿಗೆ ಇನ್ನೂ ದಿನವಿತ್ತು. ಅಷ್ಟರಲ್ಲಿ ಹೊಲಿದು ಮುಗಿಸಬಲ್ಲರು.

ನೆಲಮಂಗಲದ ಯೂನಿಟ್ಟಿನಲ್ಲಿ ಇರುವುದು ಇನ್ನೊಂದು ಯೂನಿಯನ್. ಅದರದ್ದೂ ಕೆಂಬಾವುಟವೇ. ಒಂದು ಕಾಲದಲ್ಲಿ ಒಂದೇ ಮನೆ, ಆಮೇಲೆ ಪಾಲಾಯಿತು. ಅದರ ನಾಯಕನಿಗೂ ನನಗೂ ಮಾತಿಲ್ಲ. ಮಾಲೀಕರ ಜೊತೆ ಕಾಫಿ ಕುಡಿಯುತ್ತೇನೆ, ಇವನ ಜೊತೆ ಲೇಬರ್ ಆಫೀಸಿನ ಒಂದೇ ಬೆಂಚಿನ ಮೇಲೂ ಕೂರುವುದಿಲ್ಲ. ಕಡಲಾಚೆಯ ಹೆಂಗಸಿಗೆ ಬೆಂಬಲ ಕೊಡಲು ನನಗೆ ಒಂದು ಗಳಿಗೆ ಸಾಕಾಗಿತ್ತು. ನೆಲಮಂಗಲದ ಬಸ್ ಹತ್ತಲು ಒಂದಿಡೀ ಬೆಳಿಗ್ಗೆ ಬೇಕಾಯಿತು. ಮುಖಂಡರಿಗೆ ಫೋನ್ ಮಾಡಿ ಹೇಳಿದರೆ, ಆ ಅವಕಾಶವಾದಿಗಳ ಹತ್ತಿರ ಹೋಗುವುದು ಪಕ್ಷದ ನಿಲುವಲ್ಲ ಅಂದರು. ಫೋನ್ ಇಟ್ಟು ಬಸ್ ಹತ್ತಿದೆ. ಈ ಕಥೆಯಲ್ಲಿ ನಾನು ಮಾಡಿದ ತೀರ್ಮಾನ ಅಂತ ಇದ್ದರೆ ಅದೊಂದೇ.

ಅವನ ಕಚೇರಿ ಟೈರ್ ಅಂಗಡಿಯೊಂದರ ಮೇಲೆ. ನನ್ನನ್ನು ನೋಡಿ ಎದ್ದೇಳಲಿಲ್ಲ.

“ಏನ್ ಗುರು, ದಾರಿ ತಪ್ಪಿ ಬಂದ್ಬಿಟ್ಟಾ? ನಿಮ್ದು ಪ್ರಪಂಚದ ಕ್ರಾಂತಿ, ಪೇಪರ್ನಲ್ಲಿ ಓದ್ದೆ. ನಮ್ದು ಬರೀ ನೆಲಮಂಗಲ ತಾಲ್ಲೂಕು ಕಣಪ್ಪ.”

ವಿಷಯ ಹೇಳಿದೆ. ಜೇಬು, ಜೈಲು, ಹಡಗು, ಎಲ್ಲ. ಅವನು ಕಿವಿಗೆ ಕಡ್ಡಿ ಹಾಕಿಕೊಂಡು ಕೇಳಿದ.

“ನಮ್ ಹೆಣ್ಮಕ್ಳು ಮುಂದಿದ್ದ ಗೌನು ಕಿತ್ಕೊಂಡು ಹೋದೆ. ನಿಮಗೆ ಬೇಡವಾದ ಪಾಪಾನ ಅವ್ರ ಮಡಿಲಿಗೆ ಹಾಕ್ದೆ. ಈಗ ಬಂದು ಇದನ್ನೂ ಬೇಡ ಅನ್ನಿ ಅಂತೀಯ. ನಾಚ್ಕೆ ಆಗಲ್ವೇನೋ ನಿಂಗೆ?”

“ಆಗುತ್ತೆ. ಆಮೇಲೆ ನಾಚ್ಕೋತೀನಿ. ಈಗ ಹೊತ್ತಿಲ್ಲ.”

“ಅವ್ರು ಬಿಟ್ಟಿದ್ದು ನಿಮಗೆ ಬಂತು. ನೀವು ಬಿಟ್ಟಿದ್ದು ನಮಗೆ ಬಂತು. ನಾವು ಬಿಟ್ರೆ?”

“ತಿರುಪೂರಿಗೆ ಹೋಗುತ್ತೆ, ಇನ್ನೆಲ್ಲಿಗೋ ಹೋಗುತ್ತೆ. ಹೋಗೋ ಅಷ್ಟ್ರಲ್ಲಿ ಹಡಗು ಹೋಗಿರುತ್ತೆ. ನಂಗೆ ಬೇಕಾಗಿರೋದು ಅಷ್ಟೇ.”

ಅವನು ಕಡ್ಡಿ ಎಸೆದು ಬೆಲೆ ಹೇಳಿದ. ಹೊಸಕೋಟೆ ತಾಲ್ಲೂಕು ಅನುಗೊಂಡನಹಳ್ಳಿಯ ಕಡೆ ಒಂದು ಫ್ಯಾಕ್ಟರಿಯಲ್ಲಿ ನಮ್ಮಿಬ್ಬರ ಯೂನಿಯನ್ನೂ ಇತ್ತು. ಮ್ಯಾನೇಜ್‌ಮೆಂಟ್ ಜೊತೆ ಒಪ್ಪಂದಕ್ಕೆ ಸಹಿ ಹಾಕುವ ಹಕ್ಕು ಯಾರದ್ದು ಎಂದು ನಾನು ಲೇಬರ್ ಆಫೀಸಿನಲ್ಲಿ ತಕರಾರು ಹಾಕಿ, ಅವನ ಕೈ ಕಟ್ಟಿ ಹಾಕಿದ್ದೆ. ಗೆಲ್ಲುವ ತಕರಾರು ಅದು. “ಅದನ್ನ ವಾಪಸ್ ತಗೋ. ಸೈನ್ ನಾವು ಹಾಕ್ತೀವಿ,” ಅಂದ.

ಈ ಕಸುಬಿನಲ್ಲಿ ನಾನು ಎಂದೂ ಮೊದಲ ಬೆಲೆಗೆ ಒಪ್ಪಿದವನಲ್ಲ. ಬಿಟ್ಟಿ ಸಿಕ್ಕರೂ ಕೊಸರು ಕೇಳುವವನು. ಇಬ್ಬರೂ ಸೇರಿ ಸಹಿ ಹಾಕೋಣ ಎಂದು ಅರ್ಧಕ್ಕೆ ಇಳಿಸಲು ಬಾಯಿ ತೆರೆದೆ. ಅವನು ಒಪ್ಪಲೂಬಹುದಿತ್ತು. ಆದರೆ ಅವನನ್ನು ನಾನು ಬಲ್ಲೆ. ಎರಡು ದಿನ ಎಳೆಯುತ್ತಾನೆ. ಎರಡು ದಿನ ನನ್ನ ಹತ್ತಿರ ಇರಲಿಲ್ಲ.

“ಆಯ್ತು,” ಅಂದೆ.

“ಚೌಕಾಸಿ ಮಾಡಲ್ವಾ?”

“ಇಲ್ಲ. ಪೇಪರ್ ಕೊಡು, ಇಲ್ಲೇ ಬರ್ಕೊಡ್ತೀನಿ.”

ಅವನ ಮುಖ ಸಣ್ಣಗಾಯಿತು. ಕಡಿಮೆ ಕೇಳಿಬಿಟ್ಟೆನೇನೋ ಎಂಬ ಸಂಕಟ. ಬರೆದು ಕೊಟ್ಟೆ. ಅವನು ಎರಡು ಸಲ ಓದಿ, ಮಡಿಸಿ ಒಳಜೇಬಿಗೆ ಇಟ್ಟುಕೊಂಡು, ಕೆಳಗಿಳಿದು ಬಂದು ಬೈಕ್ ಹತ್ತಿಸಿಕೊಂಡು ಬಸ್ ಸ್ಟ್ಯಾಂಡಿಗೆ ಬಿಟ್ಟ.

ಕೊಟ್ಟ ಮಾತು ಅವನು ತಪ್ಪಲಿಲ್ಲ, ಅದನ್ನು ಬರೆಯಲೇಬೇಕು. ಅಂದು ಸಂಜೆಯೇ ಅವನು ವ್ಯಾನುಗಳು ನಿಲ್ಲುವ ಕಡೆಗೆಲ್ಲ ಹೋಗಿ ಹೆಂಗಸರಿಗೆ ಹೇಳಿದ. ನೆಲಮಂಗಲದಲ್ಲೂ ಬೋಣಿಯಾಗಲಿಲ್ಲ. ದಾರ ಕತ್ತರಿಸುತ್ತ ನಿಂತಿದ್ದ ಅಕ್ಕನಿಗೆ ಅಂದು ಊಟದ ಹೊತ್ತಿನಲ್ಲಿ ಅಲ್ಲಿಯವರು ತಮ್ಮ ಬೆಂಚಿನಲ್ಲಿ ಜಾಗ ಕೊಟ್ಟರಂತೆ. ಮ್ಯಾನೇಜ್‌ಮೆಂಟ್ ಒಬ್ಬಿಬ್ಬರನ್ನು ಮನೆಗೆ ಕಳಿಸಿತು, ಪೊಲೀಸರನ್ನು ಗೇಟಿಗೆ ತಂದಿತು. ಗೇಟಿನಲ್ಲಿ ಅವರಿಗೆ ಹಿಡಿಯಲು ಯಾರೂ ಸಿಗಲಿಲ್ಲ. ಎಲ್ಲರೂ ಒಳಗೆ ದಾರ ಪೋಣಿಸಿಕೊಂಡು ಕೂತಿದ್ದರು. ಇತ್ತ ಬಂಡಲ್‌ಗಳು ಮತ್ತೆ ಟೆಂಪೋ ಹತ್ತಿ ಇನ್ನೆಲ್ಲೋ ಹೋಗುವ ಮಾತಾಯಿತು. ಅಷ್ಟರಲ್ಲಿ ಆಯುಧಪೂಜೆಗೆ ಮೆಷಿನ್ ತೊಳೆಯುವ ಹೊತ್ತು ಬಂತು. ಹಡಗು ಹೋಗಿತ್ತು. ಕತ್ತರಿಸಿದ ಬಟ್ಟೆ ನೆಲಮಂಗಲದ ಸ್ಟೋರಿನಲ್ಲಿ ಈಗಲೂ ಬಿದ್ದಿದೆ. ಗೌನುಗಳನ್ನು ಎರಡೂ ಯೂನಿಟ್ಟಿಗೆ ಹಂಚಿದರು. ಹಂಚಿಸಿದ್ದು ನಾನೂ ಅವನೂ, ಬೇರೆ ಬೇರೆ ದಿನ ಹೋಗಿ.

ಆಚೆ ದೇಶದಲ್ಲಿ ಮಾಲೀಕ ಮಾತುಕತೆಗೆ ಕರೆದನಂತೆ. ಕಾರ್ಯದರ್ಶಿ ಇನ್ನೂ ಜೈಲಿನಲ್ಲೇ ಇದ್ದಾರೆ. ಯುದ್ಧವೂ ನಿಂತಿಲ್ಲ. ಅಷ್ಟು ಅಂಗಿ ಇಲ್ಲದೆ ಯಾವ ಸೈನ್ಯವೂ ಬರಿಮೈಯಲ್ಲಿ ನಿಲ್ಲುವುದಿಲ್ಲ, ಅದು ನನಗೂ ಗೊತ್ತು, ಆಕೆಗೂ ಗೊತ್ತು. ನಮ್ಮ ಮುಖಂಡರು ‘ಅಂತರರಾಷ್ಟ್ರೀಯ ಸೌಹಾರ್ದದ ಗೆಲುವು’ ಎಂದು ಇನ್ನೊಂದು ಹೇಳಿಕೆ ಕೊಟ್ಟರು. ಅದರಲ್ಲಿ ನೆಲಮಂಗಲದ ಹೆಸರೇ ಇರಲಿಲ್ಲ. ಅನುಗೊಂಡನಹಳ್ಳಿ ಬಿಟ್ಟುಕೊಟ್ಟದ್ದಕ್ಕೆ ಕಮಿಟಿಯಲ್ಲಿ ನನ್ನನ್ನು ನಿಲ್ಲಿಸಿ ಬೈದರು. ಅಲ್ಲಿಯ ನಮ್ಮ ಸದಸ್ಯರು ಬೈದದ್ದಕ್ಕೆ ನ್ಯಾಯವಿದೆ, ಅದನ್ನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಮಿಕ್ಕವರಿಗೆ ವಾಪಸ್ ಬೈದೆ. ಅಕ್ಕ ಇನ್ನೂ ನೆಲಮಂಗಲದಲ್ಲೇ ಇದ್ದಾಳೆ. ಟ್ರಾನ್ಸ್‌ಫರ್ ಕೇಸು ನಡೆಯುತ್ತಿದೆ.

ನೆಲಮಂಗಲದವನಿಗೂ ನನಗೂ ಈಗಲೂ ಮಾತಿಲ್ಲ. ಅವನು ಅನುಗೊಂಡನಹಳ್ಳಿಯಲ್ಲಿ ಮಾಡಿಕೊಂಡ ಒಪ್ಪಂದ ನಾನು ಮಾಡುತ್ತಿದ್ದುದಕ್ಕಿಂತ ಕಳಪೆ, ಕೇಳಿದವರಿಗೆಲ್ಲ ಹೇಳುತ್ತೇನೆ. ಮೊನ್ನೆ ಅವನೇ ಫೋನ್ ಮಾಡಿದ. ಹಲೋ ಕೂಡ ಅನ್ನಲಿಲ್ಲ.

“ಗುರು, ಇಲ್ಲಿ ಬೇರೆ ಫ್ಯಾಕ್ಟ್ರಿಗೆ ಒಂದು ಸ್ಯಾಂಪಲ್ ಬಂದಿದೆ. ಎದೆ ಮೇಲೆ ಜೇಬಿಲ್ಲ.”

ತೋಳು ನೋಡು ಅಂದೆ.

“ನೋಡ್ದೆ. ಅದಕ್ಕೇ ಮಾಡಿದ್ದು. ಇದೇ ಕಂಪ್ನಿ ಬಂಡಲ್ ಅರ್ಧ ನಿಮ್ಮ ದೊಡ್ಡಬಳ್ಳಾಪುರಕ್ಕೂ ಬರುತ್ತಂತೆ. ನಿನ್ ರೇಟ್ ಹೇಳು.”

ಅನುಗೊಂಡನಹಳ್ಳಿ ವಾಪಸ್ ಕೊಡು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವನಿಗೂ ಅದು ಗೊತ್ತಿತ್ತು, ಆ ಕಡೆ ಕಾಯುತ್ತಿದ್ದ. ಅದನ್ನು ನುಂಗಿಕೊಂಡೆ. ಆಮೇಲೆ, ಹಡಗು ಯಾವತ್ತು ಎಂದು ಕೇಳಿದೆ.